ಪದವಿನ ಹಳೇ ಕಲ್ಲುಕೋರೆಯ ಸುತ್ತ ಯಾವ ಗಿಡ ನೆಡುವುದು? ಗೊತ್ತಿದ್ದವರು ಹೇಳಿ

ಪರ್ಕಳದವ | ಜೂನ್ 9, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಪರ್ಕಳದಿಂದ ಸ್ವಲ್ಪ ಒಳಗೆ. ಹಿಂದಿನ ಗುಡ್ಡೆ ಹತ್ತಿದರೆ ಮೇಲೆ ದೊಡ್ಡ ಪದವು, ಅಂದರೆ ಕೆಂಪುಕಲ್ಲು ಹಾಸಿದ ಹಾಗಿರುವ ಬಯಲು. ಸಣ್ಣದಿರುವಾಗ ಅಲ್ಲೇ ಕ್ರಿಕೆಟ್ ಆಡಿ ಬೆಳೆದವರು ನಾವು. ಸುಮಾರು ಹತ್ತು ವರ್ಷದ ಹಿಂದೆ ಅದರ ಒಂದು ಬದಿಗೆ ಕೆಂಪುಕಲ್ಲಿನ ಕೋರೆ ಬಂತು. ಐದಾರು ವರ್ಷ ಕಲ್ಲು ಕಡಿದರು, ಆಮೇಲೆ ಮೆಷಿನ್ ಎತ್ತಿಕೊಂಡು ಹೋದರು. ಈಗ ಅಲ್ಲಿ ಒಂದೂವರೆ ಎಕ್ರೆಯಷ್ಟು ಹೊಂಡ ಉಳಿದಿದೆ. ಗೋಡೆಗಳು ನೆಟ್ಟಗೆ ನಿಂತಿವೆ, ಕೆಲವು ಕಡೆ ಮೂರಾಳು ಆಳ ಉಂಟು. ಮೊನ್ನೆಯ ಮಳೆಗೆ ಅಡಿಯಲ್ಲಿ ನೀರು ನಿಂತಿದೆ.

ಜುಲೈಯಲ್ಲಿ ನಮ್ಮ ಯುವಕ ಮಂಡಲದಿಂದ ವನಮಹೋತ್ಸವ ಮಾಡುವ, ಕೋರೆಯ ಸುತ್ತ ಪದವಿನಲ್ಲಿ 500 ಸಸಿ ನೆಡುವ ಅಂತ ಮಾತಾಗಿದೆ. ಪದವು ಹೇಗೂ ಬೋಳು. ನರ್ಸರಿಯವರು ಅಕೇಶಿಯಾ ತೆಗೆದುಕೊಳ್ಳಿ, ಬೇಗ ಬರುತ್ತದೆ, ದನ ಮುಟ್ಟುವುದಿಲ್ಲ ಅಂದರು. ನನಗೆ ಅದು ಇಷ್ಟವಿಲ್ಲ. ಹಲಸು, ಮಾವು, ಪುನರ್ಪುಳಿ ಹಾಕುವ ಅಂತ ಆಸೆ. ಆದರೆ ಪಾರೆಕಲ್ಲಿನಲ್ಲಿ ಗುಂಡಿ ತೋಡುವುದು ಹೇಗೆ? ಹೊರಗಿನಿಂದ ಮಣ್ಣು ತಂದು ಹಾಕಬೇಕಾ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಬಜ್ಪೆಯಿಂದ | ಜೂನ್ 9, ರಾತ್ರಿ 10.15

ಒಳ್ಳೇ ಕೆಲಸ ಅಣ್ಣ. ಜೆಸಿಬಿಗೆ ಬ್ರೇಕರ್ ಹಾಕಿಸಿ ಗುಂಡಿ ತೆಗೆಸಿ, ಕೈಯಲ್ಲಿ ಆಗುವ ಕೆಲಸ ಅಲ್ಲ ಅದು. ನಮ್ಮಲ್ಲಿ ಮೂರಡಿ ಗುಂಡಿ ತೆಗೆದು, ಸುಡುಮಣ್ಣು ಗೊಬ್ಬರ ತುಂಬಿಸಿ ಮಾವು ಹಾಕಿದ್ದೆವು. ಅರ್ಧಕ್ಕೆ ಅರ್ಧ ಬದುಕಿದವು. ಎರಡು ಬೇಸಿಗೆ ನೀರು ಹೊತ್ತು ಹಾಕಿದ್ದೇವೆ, ಅದು ಮಾತ್ರ ಕಷ್ಟ.

ಕುಂಟಲಹಣ್ಣು | ಜೂನ್ 10, ಬೆಳಿಗ್ಗೆ 6.50

ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದವಳು. ಉಡುಪಿ ಸುತ್ತಮುತ್ತಲಿನ ಪದವುಗಳನ್ನು ಮಕ್ಕಳ ಜೊತೆ ನಡೆದು ನೋಡಿದ್ದೇನೆ. ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಸರ ಮಾಡಬೇಡಿ. ದಯವಿಟ್ಟು ಪದವಿನ ಮೇಲೆ ಮರ ನೆಡಬೇಡಿ. ಅಕೇಶಿಯಾ ಮಾತ್ರ ಅಲ್ಲ, ಹಲಸು ಮಾವೂ ಬೇಡ.

ನೀವು ಬೋಳು ಅಂದಿದ್ದೀರಿ. ಅದು ಬೋಳಲ್ಲ. ಅಲ್ಲಿನ ಗಿಡಗಳು ಮಳೆಗಾಲದಲ್ಲಿ ಹುಟ್ಟಿ, ದೀಪಾವಳಿ ಕಳೆಯುವಷ್ಟರಲ್ಲಿ ಬೀಜ ಉದುರಿಸಿ ಮುಗಿಸುತ್ತವೆ. ನಾವು ಹೆಚ್ಚಾಗಿ ಗುಡ್ಡೆ ಹತ್ತುವುದು ಬೇಸಿಗೆಯಲ್ಲಿ, ಆಗ ಏನೂ ಕಾಣುವುದಿಲ್ಲ. ಒಂದು ಮಳೆಗಾಲ ಪೂರ್ತಿ ನೋಡಿ, ಆಮೇಲೆ ನಿರ್ಧಾರ ಮಾಡಿ.

ಪರ್ಕಳದವ | ಜೂನ್ 10, ರಾತ್ರಿ 8.05

ಟೀಚರ್, ನಿಮ್ಮ ಮಾತಿಗೆ ಗೌರವ ಉಂಟು. ಆದರೆ ನಾಲ್ಕು ತಿಂಗಳು ಹುಲ್ಲು ಬರುತ್ತದೆ ಅಂತ ಮರವೇ ಬೇಡ ಅಂದರೆ ಊರಿನವರಿಗೆ ಹೇಗೆ ಹೇಳುವುದು? ಕೋರೆ ತೋಡಿ ಗುಡ್ಡೆ ಹಾಳಾಗಿದೆ. ಅದನ್ನು ಸರಿ ಮಾಡುವ ಅಂತ ಹುಡುಗರು ಮುಂದೆ ಬಂದಿದ್ದಾರೆ. ಮರ ನೆಟ್ಟರೆ ಮಳೆ, ನೆರಳು, ನೀರು ಎಲ್ಲ ಬರುತ್ತದೆ ಅಂತ ತಾನೇ ನಾವು ಶಾಲೆಯಲ್ಲಿ ಕಲಿತದ್ದು? ಪಹಣಿಯಲ್ಲಿ ಕೂಡ ಆ ಜಾಗ ಪರಂಬೋಕು, ಅಂದರೆ ಸಾಗುವಳಿ ಇಲ್ಲದ ಸರ್ಕಾರಿ ಜಾಗ ಅಂತಲೇ ಉಂಟು.

ಕುಂಟಲಹಣ್ಣು | ಜೂನ್ 11, ಬೆಳಿಗ್ಗೆ 7.20

ಪ್ರಶ್ನೆ ಸರಿಯಾಗಿಯೇ ಕೇಳಿದ್ದೀರಿ. ಸ್ವಲ್ಪ ಉದ್ದ ಬರೆಯುತ್ತೇನೆ.

ಪದವಿನ ಮೇಲೆ ಮಣ್ಣು ಎಷ್ಟಿದೆ ಅಂತ ಒಂದು ಕಡ್ಡಿ ಚುಚ್ಚಿ ನೋಡಿ. ಕೆಲವು ಕಡೆ ಎರಡು ಬೆರಳು, ಕೆಲವು ಕಡೆ ಒಂದು ಗೇಣು, ಹೆಚ್ಚಿನ ಕಡೆ ಬರೀ ಪಾರೆ. ಆ ಪಾರೆಯಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಜಾಸ್ತಿ. ಅವು ರಂಜಕವನ್ನು ಹಿಡಿದುಕೊಳ್ಳುತ್ತವೆ, ಗಿಡಕ್ಕೆ ಬಿಟ್ಟುಕೊಡುವುದಿಲ್ಲ. ಸಾರಜನಕವೂ ತೀರಾ ಕಡಿಮೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಮಳೆಗಾಲದಲ್ಲಿ ಬೇರು ನೀರಲ್ಲೇ ನಿಲ್ಲಬೇಕು, ಮಾರ್ಚ್ ಏಪ್ರಿಲ್‌ನಲ್ಲಿ ಕಾದ ಕಾವಲಿಯ ಹಾಗಿರುವ ಕಲ್ಲಿನ ಮೇಲೆ ಬದುಕಬೇಕು. ಮರಗಳಿಗೆ ಇದು ಆಗುವುದಿಲ್ಲ. ಆದರೆ ಇದಕ್ಕೇ ಹೊಂದಿಕೊಂಡ ಸಣ್ಣ ಗಿಡಗಳಿವೆ. ಅವಕ್ಕೆ ಬೇರೆ ಎಲ್ಲೂ ಜಾಗ ಇಲ್ಲ.

ಪಾರೆಯ ತಗ್ಗಿನಲ್ಲಿ ನೀರು ನಿಂತಲ್ಲಿ ಬಿಳೀ ಗುಂಡಿ ಹೊಲಿದ ಹಾಗೆ ಹೂ ಬರುತ್ತದೆ. ಅದು ಎರಿಯೋಕಾಲಾನ್. ಅದರ ಪಕ್ಕದಲ್ಲೇ ನೀಲಿ, ನೇರಳೆ ಬಣ್ಣದ ಪುಟ್ಟ ಹೂ, ದಾರದಷ್ಟು ತೆಳ್ಳಗಿನ ದಂಟು. ಅದು ಉಟ್ರಿಕ್ಯುಲೇರಿಯಾ. ಮರಾಠಿಯವರು ಅದಕ್ಕೆ ಸೀತೆಯ ಕಣ್ಣೀರು ಎನ್ನುತ್ತಾರೆ. ಮೇಲಿಂದ ಸಾಧು ಗಿಡ. ಕೆಸರಿನ ಒಳಗೆ ಸಾಸಿವೆಗಿಂತ ಸಣ್ಣ ಚೀಲಗಳಿರುತ್ತವೆ. ನೀರಿನ ಸೂಕ್ಷ್ಮ ಹುಳ ಹತ್ತಿರ ಬಂದು ಮುಟ್ಟಿದರೆ ಚೀಲದ ಬಾಗಿಲು ತೆರೆದು ಒಳಗೆಳೆದುಕೊಳ್ಳುತ್ತದೆ. ಕಣ್ಣು ರೆಪ್ಪೆ ಹೊಡೆಯುವುದಕ್ಕಿಂತ ಎಷ್ಟೋ ಬೇಗ. ಮಣ್ಣಲ್ಲಿ ಸಿಗದ ಸಾರವನ್ನು ಹುಳದಿಂದ ಪಡೆಯುತ್ತದೆ. ಡ್ರೊಸೆರಾ ಕೂಡ ಹಾಗೆಯೇ, ಅದರ ಎಲೆಯ ಕೂದಲ ತುದಿಯಲ್ಲಿ ಅಂಟಿನ ಹನಿ ಇರುತ್ತದೆ.

ಪಾರೆಯ ಸಂದುಗಳಲ್ಲಿ ಸ್ವಲ್ಪ ಮಣ್ಣು ನಿಂತಲ್ಲಿ ಮುಳಿಹುಲ್ಲು. ಮಣ್ಣು ಇನ್ನೂ ಸ್ವಲ್ಪ ಜಾಸ್ತಿ ಇದ್ದಲ್ಲಿ ಪೊದೆ: ಕೇಪುಳ, ಕರಂಡೆ, ನೆಕ್ಕರೆ, ಕುಂಟಲ, ಚೂರಿಮುಳ್ಳು. ಪದವು ಮುಗಿದು ಇಳಿಜಾರು ಶುರುವಾಗುವ ಕಡೆ ಮಾತ್ರ ಮರಗಳು. ಅಲ್ಲಿ ಒಂದು ನಾಗಬನ ಇದ್ದರೆ ಹೋಗಿ ನೋಡಿ, ಆ ಜಾಗದ ಹಳೇ ಕಾಡು ಹೇಗಿತ್ತು ಅಂತ ಗೊತ್ತಾಗುತ್ತದೆ. ಹೀಗೆ ನಾಲ್ಕು ಹೆಜ್ಜೆಗೆ ಒಂದು ಬೇರೆ ಲೋಕ. ಮಣ್ಣಿನ ಆಳ ಅರ್ಧ ಗೇಣು ಬದಲಾದರೆ ಗಿಡಗಳ ಗುಂಪೇ ಬದಲಾಗುತ್ತದೆ.

ಇನ್ನು ಅಕೇಶಿಯಾ. ಅದು ಆಸ್ಟ್ರೇಲಿಯಾ, ಪಪುವಾ ನ್ಯೂಗಿನಿ ಕಡೆಯದ್ದು. ಬೇರಿನಲ್ಲಿ ಸಾರಜನಕ ಕಟ್ಟಿ ಮಣ್ಣಿಗೆ ಸೇರಿಸುತ್ತದೆ. ಒಳ್ಳೆಯದೇ ಅಲ್ವಾ ಅಂತ ಅನಿಸಬಹುದು. ಪದವಿನಲ್ಲಿ ಅದೇ ತೊಂದರೆ. ಬಡ ಮಣ್ಣಿನಲ್ಲಿ ಬದುಕಲು ಕಲಿತ ಗಿಡಗಳ ಜಾಗಕ್ಕೆ ಸಾರ ಬಂದರೆ ಕಮ್ಯುನಿಸ್ಟ್ ಗಿಡ ಅನ್ನುವ ಕಳೆ, ಆಫ್ರಿಕಾದ ಹುಲ್ಲು ಎಲ್ಲ ನುಗ್ಗುತ್ತವೆ. ಮೇಲಿಂದ ಎಲೆ ಉದುರಿ ಮೆತ್ತೆ ಹಾಸಿದ ಹಾಗಾಗುತ್ತದೆ. ಬೆಳಕು ಬೇಕಾದ ಸಣ್ಣ ಗಿಡ ಅದರಡಿಯಲ್ಲಿ ಉಸಿರು ಕಟ್ಟಿ ಸಾಯುತ್ತದೆ.

ಮುರಕಲ್ಲು | ಜೂನ್ 11, ರಾತ್ರಿ 9.30

ನಾನು ಹದಿನಾಲ್ಕು ವರ್ಷ ಕೋರೆಯಲ್ಲಿ ಕೆಲಸ ಮಾಡಿದವನು. ಮೊದಲು ಕೈಯಲ್ಲಿ ಕಡಿಯುತ್ತಿದ್ದೆವು, ಆಮೇಲೆ ಮೆಷಿನ್ ಬಂತು. ಕೋರೆ ಅಂದ ಕೂಡಲೇ ಎಲ್ಲರೂ ಬೈಯುತ್ತಾರೆ. ಬೈಯುವವರ ಮನೆಯ ಗೋಡೆ ಯಾವ ಕಲ್ಲಿನದ್ದು ಅಂತಲೂ ಒಮ್ಮೆ ನೋಡಬೇಕು. ಈ ಕಲ್ಲಿನಿಂದ ನನ್ನ ಇಬ್ಬರು ಮಕ್ಕಳು ಓದಿದ್ದಾರೆ. ಇದು ಮೊದಲಿಗೆ ಹೇಳಬೇಕು ಅನಿಸಿತು.

ಕೆಲಸ ಹೇಗೆ ಆಗುತ್ತದೆ ಅಂತ ಹೇಳುತ್ತೇನೆ, ಟೀಚರಿಗೆ ಉಪಯೋಗ ಆಗಬಹುದು. ಮೊದಲು ಜೆಸಿಬಿಯಲ್ಲಿ ಮೇಲಿನ ಮಣ್ಣು, ಪೊದೆ, ಹುಲ್ಲು ಎಲ್ಲ ಕೆರೆದು ಒಂದು ಬದಿಗೆ ದೂಡುತ್ತಾರೆ. ಮೇಲಿನ ಪದರ ಕಲ್ಲು ತುಂಬ ಗಟ್ಟಿ, ತೂತು ತೂತು, ಅದರಲ್ಲಿ ಲೆಕ್ಕದ ಕಲ್ಲು ಸಿಗುವುದಿಲ್ಲ. ಅದೂ ಬದಿಗೆ. ಅದರ ಕೆಳಗೆ ಒಳ್ಳೇ ಕಲ್ಲು. ಕಡಿಯುವಾಗ ಮೆತ್ತಗೆ ಇರುತ್ತದೆ, ಗಾಳಿ ಬಿಸಿಲು ತಾಗಿದ ಹಾಗೆ ಗಟ್ಟಿಯಾಗುತ್ತದೆ. ಕೆಳಗೆ ಹೋದ ಹಾಗೆ ಕಲ್ಲು ಮೆದುವಾಗಿ ಕೊನೆಗೆ ಶೇಡಿಮಣ್ಣು ಬರುತ್ತದೆ, ಬಿಳಿ, ಹಳದಿ, ಕೆಲವು ಕಡೆ ನೇರಳೆ. ಶೇಡಿ ಕಂಡರೆ ಕೋರೆ ಮುಗಿಯಿತು ಅಂತ ಲೆಕ್ಕ.

ಆ ಬದಿಗೆ ದೂಡಿದ ಮೇಲ್ಮಣ್ಣು ಉಂಟಲ್ಲ, ಅದನ್ನು ಯಾರೂ ಕೇಳುವುದಿಲ್ಲ. ಗುಡ್ಡೆ ಬದಿಯಿಂದ ಕೆಳಗೆ ಬೀಳುತ್ತದೆ, ಮಳೆಗೆ ತೋಡಿಗೆ ಹೋಗುತ್ತದೆ. ಅದರಲ್ಲಿ ಬೀಜ ಇರುತ್ತದೆ ಅಂತ ನಮಗೆ ಯಾರೂ ಹೇಳಿದ್ದಿಲ್ಲ. ಹೇಳಿದ್ದರೆ ಕಲ್ಲು ಮುಗಿದ ಜಾಗಕ್ಕೆ ಅದನ್ನೇ ವಾಪಸ್ ಹರಡುವುದು ಅರ್ಧ ದಿನದ ಕೆಲಸ.

ಕುಂಟಲಹಣ್ಣು | ಜೂನ್ 12, ಬೆಳಿಗ್ಗೆ 7.05

ಅಣ್ಣಾ, ನೀವು ಹೇಳಿದ್ದು ಇಡೀ ಚರ್ಚೆಯಲ್ಲಿ ಮುಖ್ಯವಾದ ಮಾತು. ಪದವಿನ ಗಿಡಗಳ ಮುಂದಿನ ವರ್ಷ ಇರುವುದು ಆ ಎರಡು ಬೆರಳು ಮಣ್ಣಿನಲ್ಲಿ. ಬೀಜ, ಗೆಡ್ಡೆ, ಹುಲ್ಲಿನ ಬುಡ ಎಲ್ಲ ಅದರಲ್ಲೇ. ಅದನ್ನು ರಾಶಿ ಹಾಕಿ ವರ್ಷಗಟ್ಟಲೆ ಬಿಟ್ಟರೆ ಒಳಗಿನ ಬೀಜ ಕೊಳೆಯುತ್ತದೆ. ಒಂದು ತುಂಡು ಜಾಗದ ಕಲ್ಲು ಮುಗಿದ ಕೂಡಲೇ, ಪಕ್ಕದ ತುಂಡಿನಿಂದ ಕೆರೆದ ಮಣ್ಣನ್ನು ಅಲ್ಲಿಗೆ ಹಾಕಬೇಕು. ತೆಳ್ಳಗೆ ಹರಡಬೇಕು, ದಪ್ಪಗೆ ಬೇಡ.

ಕೆಳಮನೆ | ಜೂನ್ 12, ಮಧ್ಯಾಹ್ನ 3.10

ನಾನೂ ಒಂದು ಮಾತು ಬರೆಯುತ್ತೇನೆ. ನಮ್ಮದು ಬೇರೆ ಊರು, ಶಿರ್ವದ ಕಡೆ. ಮನೆ ಗುಡ್ಡೆಯ ಬುಡದಲ್ಲಿ. ನಮ್ಮ ಬಾವಿಯಲ್ಲಿ ಅತ್ತೆಯ ಕಾಲದಿಂದಲೂ ಮೇ ತಿಂಗಳವರೆಗೆ ನೀರು ಇರುತ್ತಿತ್ತು. ಮೇಲೆ ಕೋರೆ ತೆರೆದು ಮೂರನೇ ವರ್ಷಕ್ಕೆ ಮಾರ್ಚ್‌ನಲ್ಲೇ ಕೊಡ ತಳಕ್ಕೆ ತಾಗಿತು. ಎರಡು ಕೋಲು ಆಳ ಮಾಡಿಸಿದೆವು. ಮಳೆಗಾಲದಲ್ಲಿ ನೀರು ಹಾಲು ಕಲಸಿದ ಹಾಗೆ ಬರುತ್ತದೆ. ಅಕ್ಕಿ ತೊಳೆದರೆ ಪಾತ್ರೆಯ ಅಡಿಯಲ್ಲಿ ಬಿಳೀ ಮಣ್ಣು ಕೂರುತ್ತದೆ. ಬಟ್ಟೆ ಒಗೆದರೆ ಬಿಳಿ ಪಂಚೆ ಹಳದಿ. ಗದ್ದೆಯಲ್ಲೂ ಅದೇ ಶೇಡಿ ಬಂದು ಕೂತಿದೆ, ಒಣಗಿದರೆ ಸಿಮೆಂಟಿನ ಹಾಗೆ ಬಿರಿಯುತ್ತದೆ, ನೇಜಿ ಏಳುವುದಿಲ್ಲ.

ಕೋರೆಯವರಲ್ಲಿ ಹೇಳಿದೆವು, ಕಾಗದ ಕೊಟ್ಟೆವು. ಬಂದು ನೋಡಿ ಹೋದರು, ಅಷ್ಟೇ. ನನಗೆ ಜಗಳ ಬೇಡ. ಆದರೆ ಗುಡ್ಡೆಯ ಮೇಲೆ ಏನು ಮಾಡಿದರೂ ಕೆಳಗೆ ಮನೆಗಳಿವೆ ಅಂತ ಒಮ್ಮೆ ನೋಡಿ ಮಾಡಿ.

ಮುರಕಲ್ಲು | ಜೂನ್ 12, ರಾತ್ರಿ 8.45

ಅಕ್ಕ, ನೀವು ಹೇಳಿದ್ದು ನಿಜ. ಈ ಕಲ್ಲು ಇಡೀ ತೂತು. ಮಳೆ ನೀರು ಕುಡಿದು ಇಟ್ಟುಕೊಂಡು ನಿಧಾನಕ್ಕೆ ಬಿಡುತ್ತದೆ. ಶೇಡಿ ನೀರು ಇಳಿಯಲು ಬಿಡುವುದಿಲ್ಲ, ಹಾಗಾಗಿ ಕಲ್ಲು ಮತ್ತು ಶೇಡಿ ಸೇರುವ ಕಡೆ ಒರತೆ ಬರುತ್ತದೆ. ಪುತ್ತೂರು, ಬಂಟ್ವಾಳ, ಕಾಸರಗೋಡು ಕಡೆ ಹಿಂದಿನವರು ಗುಡ್ಡೆಗೆ ಅಡ್ಡ ಸುರಂಗ ಕೊರೆದು ನೀರು ತೆಗೆದದ್ದು ಇದೇ ಕಲ್ಲಿನಲ್ಲಿ. ನಾವು ಆ ಕಲ್ಲನ್ನೇ ಎತ್ತಿ ಲಾರಿಗೆ ಹಾಕಿದರೆ ನೀರು ಇಡುವ ಪಾತ್ರೆಯನ್ನೇ ತೆಗೆದ ಹಾಗೆ. ಶೇಡಿ ಕಾಣುವವರೆಗೆ ತೋಡಬಾರದು, ಒಂದೆರಡು ಪದರ ಕಲ್ಲು ಬಿಡಬೇಕು. ಬಿಟ್ಟರೆ ಧಣಿಗೆ ನಷ್ಟ, ಅದಕ್ಕೇ ಯಾರೂ ಬಿಡುವುದಿಲ್ಲ.

ಮಳೆಗಪ್ಪೆ | ಜೂನ್ 13, ರಾತ್ರಿ 11.20

ಗಿಡದ ಚರ್ಚೆಯ ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ಆದರೆ ಪರ್ಕಳ, ಮಣಿಪಾಲ ಅಂದ ಮೇಲೆ ಇದು ಹೇಳಲೇಬೇಕು. 2016ರಲ್ಲಿ ಮಣಿಪಾಲದ ಸುತ್ತಿನ ಮುರಕಲ್ಲಿನ (ಇದೇ ಕೆಂಪುಕಲ್ಲು, ಇಂಗ್ಲಿಷಿನಲ್ಲಿ ಲ್ಯಾಟರೈಟ್) ಜಾಗದಿಂದಲೇ ಒಂದು ಹೊಸ ಕಪ್ಪೆಯನ್ನು ವಿಜ್ಞಾನಿಗಳು ಗುರುತಿಸಿದರು. ಹೆಸರು ಮೈಕ್ರೊಹೈಲಾ ಲ್ಯಾಟರೈಟ್. ಕಲ್ಲಿನ ಹೆಸರನ್ನೇ ಇಟ್ಟಿದ್ದಾರೆ, ಪಾಳುಭೂಮಿ ಅಂತ ಬಿಟ್ಟ ಇಂಥ ಜಾಗಗಳ ಕಡೆ ಜನರ ಗಮನ ಬರಲಿ ಅಂತ. ದೊಡ್ಡ ಕಪ್ಪೆ ಕೂಡ ಹೆಬ್ಬೆರಳ ಉಗುರಿನಷ್ಟು. ಕೂಗು ಕೇಳಿದರೆ ಕಪ್ಪೆ ಅಂತ ಅನಿಸುವುದೇ ಇಲ್ಲ, ಜೀರುಂಡೆ ಅಂದುಕೊಳ್ಳುತ್ತೇವೆ. 2018ರಲ್ಲಿ ಮಂಗಳೂರಿನಿಂದ ಇದರ ಇನ್ನೊಂದು ಬಂಧು ಸಿಕ್ಕಿತು, ಅದಕ್ಕೆ ಊರಿನ ಕೊಂಕಣಿ ಹೆಸರು, ಮೈಕ್ರೊಹೈಲಾ ಕೊಡಿಯಾಲ್.

ಪರ್ಕಳದ ಅಣ್ಣ, ಈಗ ಮಳೆ ಹಿಡಿದಿದೆ. ರಾತ್ರಿ ಟಾರ್ಚ್ ಹಿಡಿದುಕೊಂಡು ಒಮ್ಮೆ ಪದವಿಗೆ ಹೋಗಿ. ಹುಲ್ಲಿನ ಬುಡದಲ್ಲಿ ನೀರು ನಿಂತ ಕಡೆ ಸುಮ್ನೆ ಕುಳಿತುಕೊಳ್ಳಿ. ಕೋರೆಯ ಅಂಚಿಗೆ ಮಾತ್ರ ಹೋಗಬೇಡಿ, ಕತ್ತಲಲ್ಲಿ ಗೊತ್ತಾಗುವುದಿಲ್ಲ.

ಪಣಂಬೂರು | ಜೂನ್ 15, ಸಂಜೆ 5.30

ಓದುತ್ತಾ ಕುದುರೆಮುಖ ನೆನಪಾಯಿತು. ನನ್ನ ತಂದೆ ಪಣಂಬೂರಿನಲ್ಲಿ ಕೆಲಸದಲ್ಲಿದ್ದರು. ಘಟ್ಟದ ಮೇಲೆ ಕುದುರೆಮುಖದ ಗಣಿಯ ಕಬ್ಬಿಣದ ಅದಿರನ್ನು ಪುಡಿ ಮಾಡಿ, ನೀರಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಇಲ್ಲಿಗೆ ಕಳಿಸುತ್ತಿದ್ದರು. ಉಳಿದ ಪುಡಿಮಣ್ಣು ನಿಲ್ಲಲು ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಕಟ್ಟೆ ಕಟ್ಟಿದ್ದಾರೆ. ಸುಪ್ರೀಂ ಕೋರ್ಟಿನ ಆದೇಶದಿಂದ 2005ರ ಕೊನೆಗೆ ಗಣಿ ನಿಂತಿತು.

ನಾನು ಹೇಳಬೇಕಾದದ್ದು ಅಲ್ಲಿನ ಹುಲ್ಲುಗಾವಲಿನ ಬಗ್ಗೆ. ಹೊರಗಿನಿಂದ ನೋಡಿದವರಿಗೆ ಅಲ್ಲಿನ ಗುಡ್ಡಗಳೂ ಬೋಳು. ಇಳಿಜಾರಿನ ಮಡಿಕೆಗಳಲ್ಲಿ ಮಾತ್ರ ಶೋಲಾ ಕಾಡು, ಉಳಿದದ್ದೆಲ್ಲ ಹುಲ್ಲು. ಗಾಳಿ ಜಾಸ್ತಿ, ಮಣ್ಣು ತೆಳ್ಳಗೆ, ಮಳೆ ಅಷ್ಟು ಜೋರು. ಆ ಹುಲ್ಲಿನ ಬೇರು ನೀರು ಹಿಡಿದು ಶೋಲಾಕ್ಕೆ ಕೊಡುತ್ತದೆ, ಅಲ್ಲಿಂದ ತೊರೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಆ ಗುಡ್ಡಗಳಿಂದಲೇ ಇಳಿಯುವುದು. ಅಂಥ ಹುಲ್ಲಿನಲ್ಲೂ ಹೊರಗಿನ ಜಾತಿಯ ಮರ ನೆಟ್ಟದ್ದನ್ನು ನೋಡಿದ್ದೇನೆ. ಸಾಲು ಮರ ನೋಡಿ ಆಗ ನನಗೆ ಖುಷಿಯಾಗಿತ್ತು. ತಪ್ಪು ಅಂತ ಗೊತ್ತಾಗಲು ಎಷ್ಟೋ ವರ್ಷ ಬೇಕಾಯಿತು. ನೀವು ನೆಡುವ ಮೊದಲೇ ಕೇಳಿದ್ದೀರಿ, ಅದೇ ದೊಡ್ಡದು.

ಕಾಸರಗೋಡಿನಿಂದ | ಜೂನ್ 16, ಬೆಳಿಗ್ಗೆ 10.00

ನಮ್ಮಿಂದ ದಕ್ಷಿಣಕ್ಕೆ ಕಣ್ಣೂರಿನಲ್ಲಿ ಮಾಡಾಯಿಪಾರ ಅಂತ ಒಂದು ಮುರಕಲ್ಲಿನ ಗುಡ್ಡೆ ಉಂಟು. ಅಲ್ಲಿ ಜೇಡಿಮಣ್ಣಿನ ಗಣಿಗಾರಿಕೆಗೆ ಜನ ಎದುರು ನಿಂತಿದ್ದರು. ಈಗ ಓಣಂ ಹೊತ್ತಿಗೆ ಗುಡ್ಡೆ ಇಡೀ ನೀಲಿ. ಎರಿಯೋಕಾಲಾನಿನ ಒಂದು ಜಾತಿಗೆ ಆ ಗುಡ್ಡೆಯ ಹೆಸರೇ ಉಂಟು. ನಿಮ್ಮ ಪದವಿನಲ್ಲಿ ಏನೇನು ಉಂಟು ಅಂತ ಮೊದಲು ಪಟ್ಟಿ ಮಾಡಿ ಸರ್. ಹೂವಿನ ಫೋಟೋ ಇದ್ದರೆ ಪಂಚಾಯತಿನಲ್ಲಿ ಮಾತಾಡಲು ಧೈರ್ಯ ಬರುತ್ತದೆ.

ಬಜ್ಪೆಯಿಂದ | ಜೂನ್ 16, ರಾತ್ರಿ 9.50

ಇಷ್ಟೆಲ್ಲ ಗೊತ್ತಿರಲಿಲ್ಲ. ಜೆಸಿಬಿ ಅಂದ ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಆದರೆ ಹೊಂಡ ಹಾಗೇ ಬಿಡುವುದಾ? ಪ್ರತಿ ಮಳೆಗಾಲ ಕೋರೆ ನೀರಿಗೆ ಈಜಲು ಹೋಗಿ ಮಕ್ಕಳು ಹೋದ ಸುದ್ದಿ ಓದುತ್ತೇವೆ. ನಮ್ಮ ಕಡೆ ಒಂದು ಹೊಂಡವನ್ನು ಮುಚ್ಚುತ್ತೇವೆ ಅಂತ ಕಟ್ಟಡದ ತ್ಯಾಜ್ಯ, ಪ್ಲಾಸ್ಟಿಕ್, ಕೋಳಿ ಅಂಗಡಿಯ ಕಸ ಎಲ್ಲ ತಂದು ಸುರಿದರು. ಈಗ ಆ ದಾರಿಯಲ್ಲಿ ಮೂಗು ಮುಚ್ಚದೆ ಹೋಗಲು ಆಗುವುದಿಲ್ಲ.

ಕುಂಟಲಹಣ್ಣು | ಜೂನ್ 17, ಬೆಳಿಗ್ಗೆ 6.40

ಹೊಂಡ ಬೇರೆ, ಪದವು ಬೇರೆ. ಪದವನ್ನು ಮುಟ್ಟಬೇಡಿ ಅಂದೆ. ಹೊಂಡದಲ್ಲಿ ಮಾಡಲು ಕೆಲಸ ಬೇಕಾದಷ್ಟಿದೆ.

ಕಸ ಹಾಕಲು ಬಿಡಲೇಬಾರದು. ಕಲ್ಲು ತೂತು, ಅಲ್ಲಿ ಹಾಕಿದ ಕೊಳಕು ಕೆಳಮನೆಯವರಂಥ ಎಷ್ಟೋ ಮನೆಗಳ ಬಾವಿಗೆ ಇಳಿಯುತ್ತದೆ. ಒಂದು ಬದಿಯ ಗೋಡೆಯನ್ನು ಇಳಿಜಾರು ಮಾಡಬೇಕು, ಬಿದ್ದವರು ಹತ್ತಿ ಬರುವ ಹಾಗೆ. ಅದಕ್ಕೆ ಬದಿಯಲ್ಲಿ ಬಿದ್ದಿರುವ ಹಳೇ ಮಣ್ಣೇ ಸಾಕು. ಉಳಿದ ಅಂಚಿಗೆ ಬೇಲಿ. ತಂತಿ ಬೇಲಿ ಎರಡು ವರ್ಷಕ್ಕೆ ತುಕ್ಕು ಹಿಡಿಯುತ್ತದೆ. ಕರಂಡೆ, ಚೂರಿಮುಳ್ಳು ಸಾಲಾಗಿ ಹಾಕಿ. ಅವು ಅಲ್ಲಿನ ಗಿಡಗಳೇ, ದನವೂ ನುಗ್ಗುವುದಿಲ್ಲ. ಬರುವವರೆಗೆ ಹಗ್ಗ, ಬೋರ್ಡು.

ಹೊಂಡದ ಗೋಡೆಯನ್ನು ಹತ್ತಿರದಿಂದ ನೋಡಿ. ತಂಪು ಬದಿಯಲ್ಲಿ ಪಾಚಿ, ಆಮೇಲೆ ಜರಿಗಿಡ ಬಂದಿರುತ್ತದೆ. ಎಲೆಯ ಅಡಿಯಲ್ಲಿ ಬಿಳೀ ಪುಡಿ ಇರುವ ಜರಿ, ಮಕ್ಕಳು ಕೈಗೆ ಒತ್ತಿ ಅಚ್ಚು ಹಾಕಿಕೊಳ್ಳುತ್ತಾರಲ್ಲ, ಅದು. ಅದೂ ಹೊರದೇಶದಿಂದ ಬಂದದ್ದೇ, ಆದರೆ ಪದವಿಗೆ ನುಗ್ಗುವುದಿಲ್ಲ, ನನಗೆ ಅದರ ಮೇಲೆ ಸಿಟ್ಟಿಲ್ಲ. ಬಿರುಕಿನಲ್ಲಿ ಗೋಳಿ ಬೇರು ಬಿಟ್ಟಿರಬಹುದು, ಹಕ್ಕಿ ಹಾಕಿದ ಬೀಜ. ಅಡಿಯಲ್ಲಿ ಮಣ್ಣು ಕೂತಲ್ಲಿ ಉಪ್ಪಳಿಗೆ ತಾನೇ ಬರುತ್ತದೆ. ತಾನಾಗಿ ಬಂದದ್ದನ್ನು ಬಿಡಿ, ಅದರ ನೆರಳಿನಲ್ಲಿ ಮುಂದಿನ ಗಿಡ ಬರುತ್ತದೆ. ಅಕೇಶಿಯಾ ಸಸಿ ಕಂಡರೆ ಮಾತ್ರ ಕಿತ್ತು ಹಾಕಿ. ಕಮ್ಯುನಿಸ್ಟ್ ಗಿಡವನ್ನೂ ಮಳೆಗಾಲದಲ್ಲಿ ಮಣ್ಣು ಮೆತ್ತಗಿರುವಾಗಲೇ ಬುಡಸಮೇತ ಕೀಳಬೇಕು. ಡಿಸೆಂಬರ್ ಜನವರಿಯಲ್ಲಿ ಹೂ ಬಿಟ್ಟು ಬೀಜ ಗಾಳಿಗೆ ಹಾರಿದರೆ ಮತ್ತೆ ಆಗುವುದಿಲ್ಲ.

ಹುಡುಗರಿಗೆ ಮರ ನೆಡಲೇಬೇಕು ಅಂತಿದ್ದರೆ ಪದವು ಮುಗಿದ ಇಳಿಜಾರಿನಲ್ಲಿ ನೆಡಿ, ಮಣ್ಣು ಆಳ ಇರುವ ಕಡೆ. ಪುನರ್ಪುಳಿ, ರೆಂಜೆ, ದಡ್ಡಲ, ಕಿರಾಲ್‌ಬೋಗಿ. ಕಿರಾಲ್‌ಬೋಗಿಯ ಬೇರಿಗೂ ಮೊದಲ ಮಳೆಗೆ ಏಳುವ ಕಲ್ಲಣಬೆಗೂ ನಂಟಿದೆ, ಅಂಥ ಮರ ಕಡಿದರೆ ಅಣಬೆಯೂ ಹೋಗುತ್ತದೆ. ಇದು ಮಾರುಕಟ್ಟೆಯಲ್ಲಿ ಅದರ ರೇಟು ಕೇಳಿದವರಿಗೆ ಬೇಗ ಅರ್ಥ ಆಗುತ್ತದೆ. 500 ಬೇಡ. 60 ನೆಟ್ಟು 60ನ್ನೂ ಉಳಿಸಿ.

ಪರ್ಕಳದವ | ಜೂನ್ 20, ರಾತ್ರಿ 10.30

ಮಂಡಲದ ಮೀಟಿಂಗ್ ಆಯಿತು. ಜಗಳವೇ ಆಯಿತು ಅನ್ನಿ. ಬ್ಯಾನರಿಗೆ 500 ಸಸಿ ಅಂತ ಪ್ರಿಂಟ್ ಕೊಟ್ಟಾಗಿತ್ತು. ಕೊನೆಗೆ ಒಂದು ಮಳೆಗಾಲ ಪದವನ್ನು ನೋಡುವ ಅಂತ ಒಪ್ಪಿದರು. ಇಳಿಜಾರಿನಲ್ಲಿ 60 ಗಿಡ ಹಾಕುತ್ತೇವೆ. ಸೆಪ್ಟೆಂಬರಿಗೆ ಮತ್ತೆ ಬರೆಯುತ್ತೇನೆ.

ಪರ್ಕಳದವ | ಸೆಪ್ಟೆಂಬರ್ 7, ರಾತ್ರಿ 9.15

ಟೀಚರ್, ಎಲ್ಲರಿಗೂ, ಹೇಳಿದ ಹಾಗೆ ಬರೆಯುತ್ತಿದ್ದೇನೆ.

ನಲವತ್ತು ವರ್ಷ ಆ ಗುಡ್ಡೆಯ ಬುಡದಲ್ಲಿ ಬದುಕಿದ್ದೇನೆ. ಇವತ್ತು ಮೊದಲ ಸಲ ಮೊಣಕಾಲೂರಿ ಅದನ್ನು ನೋಡಿದೆ. ನಮ್ಮ ಪಿಚ್ಚಿನ ಬೌಲಿಂಗ್ ತುದಿಯಲ್ಲಿ ಒಂದು ತಗ್ಗು ಇತ್ತು, ಚೆಂಡು ಯಾವಾಗಲೂ ಅಲ್ಲಿಗೇ ಹೋಗುತ್ತಿತ್ತು. ಈಗ ಅದರಲ್ಲಿ ಎರಡು ಇಂಚು ನೀರು. ನೀರು ಎಷ್ಟು ತಿಳಿ ಅಂದರೆ ಅಡಿಯ ಕೆಂಪು ಹರಳು ಒಂದೊಂದೂ ಕಾಣುತ್ತದೆ. ಅಂಚಿನಲ್ಲಿ ಬಿಳೀ ಗುಂಡಿ ಹೂ ಸುತ್ತ ಕಟ್ಟಿದೆ. ಅದರ ಹೊರಗೆ ನೀಲಿ. ಮಗಳು ಒಂದು ಗಿಡವನ್ನು ಕೆಸರುಸಮೇತ ಎತ್ತಿ ಬಿಳೀ ತಟ್ಟೆಯ ನೀರಿಗೆ ಹಾಕಿದಳು. ಬೇರಿನ ಹಾಗೆ ಇರುವ ಎಳೆಗಳಲ್ಲಿ ಸಣ್ಣ ಸಣ್ಣ ಚೀಲ, ನೀವು ಹೇಳಿದ ಹಾಗೆಯೇ. ಒಂದರಲ್ಲಿ ಕಪ್ಪು ಚುಕ್ಕೆ ಒಳಗೆ ಸಿಕ್ಕಿಹಾಕಿಕೊಂಡಿತ್ತು. ಅವಳು ಭೂತಗನ್ನಡಿ ಹಿಡಿದು ಅರ್ಧ ಗಂಟೆ ಅಲ್ಲಿಂದ ಏಳಲಿಲ್ಲ. ಆಮೇಲೆ ಗಿಡವನ್ನು ಅದೇ ಜಾಗದಲ್ಲಿ ವಾಪಸ್ ಇಟ್ಟಳು.

ಡ್ರೊಸೆರಾ ಕೂಡ ಸಿಕ್ಕಿತು, ಹುಲ್ಲಿನ ನಡುವೆ ಕೆಂಪಗೆ. ಬೆಳಿಗ್ಗೆ ಇಬ್ಬನಿ ಅಂದುಕೊಂಡೆ. ಹತ್ತು ಗಂಟೆಯ ಬಿಸಿಲಿಗೂ ಹನಿ ಆರಲಿಲ್ಲ, ಆಗ ಗೊತ್ತಾಯಿತು. ಇಷ್ಟರವರೆಗೆ 31 ಜಾತಿ ಪಟ್ಟಿಯಾಗಿದೆ, ಅದರಲ್ಲಿ 12ಕ್ಕೆ ನಮಗೆ ಹೆಸರು ಗೊತ್ತಿಲ್ಲ. ಫೋಟೋ ಹಾಕುತ್ತೇನೆ, ನೀವು ನೋಡಿ ಹೇಳಬೇಕು. ಮಳೆಗಪ್ಪೆಯವರೇ, ಜೂನ್ ರಾತ್ರಿ ಕೂಗು ಕೇಳಿದೆ, ರೆಕಾರ್ಡ್ ಮಾಡಿದ್ದೇನೆ. ಕಪ್ಪೆಯಾ ಜೀರುಂಡೆಯಾ ನೀವೇ ಹೇಳಿ.

ಕೋರೆಯ ಇನ್ನೊಂದು ಬದಿ ನೋಡಿ ಮಾತ್ರ ಹೊಟ್ಟೆ ಉರಿಯಿತು. ಮಣ್ಣು ಕೆರೆದು ದೂಡಿದ ಜಾಗದಲ್ಲಿ ಈ ಒಂದೂ ಗಿಡ ಇಲ್ಲ. ಆರೇಳು ವರ್ಷ ಆಗಿದೆ. ನರಿಬಾಲದ ಹಾಗೆ ತೆನೆ ಬಿಡುವ ಆ ಆಫ್ರಿಕಾ ಹುಲ್ಲು ಎದೆಮಟ್ಟ ನಿಂತಿದೆ, ಅದರ ಹಿಂದೆ ಕಮ್ಯುನಿಸ್ಟ್ ಗಿಡ. ಹತ್ತು ಹೆಜ್ಜೆ ಆಚೆ ಇಷ್ಟೊಂದು ಹೂ, ಇಲ್ಲಿ ಏನೂ ಇಲ್ಲ. ಹುಡುಗರನ್ನು ಕರೆದುಕೊಂಡು ಹೋಗಿ ಎರಡನ್ನೂ ತೋರಿಸಿದೆ. ಬ್ಯಾನರಿನ ವಿಷಯ ಆಮೇಲೆ ಯಾರೂ ಎತ್ತಲಿಲ್ಲ.

ಈಗ ಹೊಸ ಚಿಂತೆ. ಪದವಿನ ಉಳಿದ ಭಾಗಕ್ಕೂ ಕೋರೆಗೆ ಅರ್ಜಿ ಹೋಗಿದೆ ಅಂತ ಕೇಳಿದೆ. ನಮ್ಮ ಕುಮ್ಕಿಗೆ (ಜಮೀನಿನ ಪಕ್ಕದ, ನಾವು ಬಳಸುವ ಸರ್ಕಾರಿ ಜಾಗ) ತಾಗಿಯೇ ಉಂಟು ಆ ಜಾಗ.

ಪಣಂಬೂರು | ಸೆಪ್ಟೆಂಬರ್ 8, ಬೆಳಿಗ್ಗೆ 8.10

ಐದು ಹೆಕ್ಟೇರಿಗಿಂತ ಸಣ್ಣ ಕೋರೆಯಾದರೂ ಪರಿಸರ ಅನುಮತಿ ಬೇಕು. 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಿಂದ ಬಂದದ್ದು ಅದು. ಅರ್ಜಿಯ ಪ್ರತಿ ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಸಸ್ಯಗಳ ಬಗ್ಗೆ ಏನು ಬರೆದಿದ್ದಾರೆ ನೋಡಿ. ಬೇಸಿಗೆಯಲ್ಲಿ ನೋಡಿ ಬರೆದಿದ್ದರೆ ಏನೂ ಇಲ್ಲ ಅಂತಲೇ ಇರುತ್ತದೆ. ನಿಮ್ಮ 31ರ ಪಟ್ಟಿ, ತಾರೀಕು ಇರುವ ಫೋಟೋ, ಗ್ರಾಮಸಭೆಗೆ ಕೊಡಿ. ಕೊಟ್ಟದ್ದಕ್ಕೆ ಸೀಲು ಹಾಕಿಸಿಕೊಳ್ಳಿ.

ಕೆಳಮನೆ | ಸೆಪ್ಟೆಂಬರ್ 8, ಮಧ್ಯಾಹ್ನ 2.40

ಗುಡ್ಡೆಯ ಕೆಳಗಿನ ಮನೆಗಳ ಬಾವಿ ನೀರಿನ ಮಟ್ಟವನ್ನು ಈಗಿಂದಲೇ ಬರೆದಿಡಿ. ತಿಂಗಳಿಗೊಮ್ಮೆ ಹಗ್ಗಕ್ಕೆ ಗಂಟು ಹಾಕಿ ಅಳೆದರೆ ಸಾಕು. ನಾವು ಬರೆದಿಟ್ಟಿರಲಿಲ್ಲ. ಮೊದಲು ಎಷ್ಟಿತ್ತು ಅಂತ ಕೇಳಿದಾಗ ನಮ್ಮ ಬಾಯಿಮಾತು ಬಿಟ್ಟು ಬೇರೇನೂ ಇರಲಿಲ್ಲ.

ಕುಂಟಲಹಣ್ಣು | ಸೆಪ್ಟೆಂಬರ್ 8, ಸಂಜೆ 6.20

ಫೋಟೋ ನೋಡಿದೆ. 12ರಲ್ಲಿ 7ಕ್ಕೆ ಹೆಸರು ಹೇಳಬಲ್ಲೆ. ಉಳಿದ ಐದಕ್ಕೆ ಹೂವನ್ನು ಕೈಯಲ್ಲಿ ಹಿಡಿದು ನೋಡಬೇಕು, ಎರಿಯೋಕಾಲಾನ್ ಜಾತಿಗಳನ್ನು ಫೋಟೋದಲ್ಲಿ ಬೇರೆ ಮಾಡಲು ಆಗುವುದಿಲ್ಲ, ಬೀಜದ ಮೇಲ್ಮೈ ಕೂಡ ನೋಡಬೇಕಾಗುತ್ತದೆ. ಭಾನುವಾರ ಬೆಳಿಗ್ಗೆ 7ಕ್ಕೆ ಪರ್ಕಳ ಪೇಟೆಗೆ ಬಸ್ಸಿನಲ್ಲಿ ಬರುತ್ತೇನೆ. ನನಗೆ ಮೊಣಕಾಲು ನೋವು, ಗುಡ್ಡೆ ಹತ್ತಲು ಯಾರಾದರೂ ಕೈ ಕೊಡಬೇಕು. ಮಗಳನ್ನು ಕರೆದುಕೊಂಡು ಬನ್ನಿ, ಭೂತಗನ್ನಡಿ ನಾನು ತರುತ್ತೇನೆ.

ಮುರಕಲ್ಲು | ಸೆಪ್ಟೆಂಬರ್ 8, ರಾತ್ರಿ 9.05

ನಾನೂ ಬರುತ್ತೇನೆ ಟೀಚರ್. ಬದಿಯಲ್ಲಿ ಬಿದ್ದಿರುವ ಮಣ್ಣಿನಲ್ಲಿ ಹೊಂಡದ ಒಂದು ಬದಿ ಇಳಿಜಾರು ಮಾಡಲು ಎಷ್ಟು ಗಂಟೆಯ ಕೆಲಸ ಅಂತ ನೋಡಿ ಹೇಳುತ್ತೇನೆ. ಜೆಸಿಬಿಯ ಹುಡುಗ ನನ್ನ ಪರಿಚಯದವನೇ, ಡೀಸೆಲ್ ಖರ್ಚು ಕೊಟ್ಟರೆ ಸಾಕು ಅಂದಿದ್ದಾನೆ. ಅವನಿಗೆ ಪದವಿನ ಮೇಲೆ ಯಾವ ದಾರಿಯಲ್ಲಿ ಗಾಡಿ ತರಬಾರದು ಅಂತ ಮೊದಲೇ ಸುಣ್ಣದಲ್ಲಿ ಗೆರೆ ಹಾಕಿ ಇಡಬೇಕು.

ಪರ್ಕಳದವ | ಸೆಪ್ಟೆಂಬರ್ 8, ರಾತ್ರಿ 9.30

ಸುಣ್ಣ ಬೇಡ ಅಣ್ಣ, ಮಳೆಗೆ ಕರಗಿ ತಗ್ಗಿನ ನೀರಿಗೆ ಇಳಿಯುತ್ತದೆ. ಹಗ್ಗ ಕಟ್ಟುವ. ಭಾನುವಾರ 7ಕ್ಕೆ ನಾನು ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ. ಎಲ್ಲರಿಗೂ ತಿಂಡಿ ನಮ್ಮ ಮನೆಯಲ್ಲೇ.